ಚೀಲಕ್ಕೋ, ಫೈಲಿಗೋ

ಹೋದ ವಾರ ಅವರ ಮಗಳು ಫೋನ್ ಮಾಡಿದ್ದಳು. "ಆಂಟಿ, ಅಮ್ಮ ಹೋಗ್ಬಿಟ್ರು. ಹನ್ನೆರಡನೇ ದಿನ ಒಂದಷ್ಟು ಜನ ಮನೇಲಿ ಸೇರ್ತೀವಿ. ಆಫೀಸಿನವರು ಅಂತ ನಮಗೆ ಗೊತ್ತಿರೋದು ನೀವೊಬ್ರೇ. ಅಮ್ಮನ ಬಗ್ಗೆ ನಾಲ್ಕು ಸಾಲು ಬರ್ದುಕೊಡಿ, ಓದ್ತೀವಿ. ಅವರ ಹೆಸರು ಮೇಲ್ಗಡೆ ದಪ್ಪಕ್ಷರದಲ್ಲಿ ಇರ್ಲಿ" ಎಂದಳು. ಆಯಿತಮ್ಮ ಎಂದೆ. ನಾಲ್ಕು ಸಾಲು ಬರೆಯಲು ಕೂತು ಇವತ್ತಿಗೆ ನಾಲ್ಕು ದಿನ. ತೀರಿಕೊಂಡವರ ಬಗ್ಗೆ ಒಳ್ಳೆಯ ಮಾತು ಬರೆಯುವುದು ಕಷ್ಟವೇನಲ್ಲ, ಅವರ ವಿಷಯದಲ್ಲಂತೂ ಒಳ್ಳೆಯದು ಬಿಟ್ಟು ಬೇರೆ ಬರೆಯಲು ನನ್ನ ಹತ್ತಿರ ಏನೂ ಇಲ್ಲ. ತೊಂದರೆ ಇರುವುದೇ ಅಲ್ಲಿ. ಅವರ ಜೊತೆ ಕೆಲಸ ಮಾಡಿದ ಅಷ್ಟೂ ವರ್ಷ ನನಗೆ ಅವರ ಮೇಲೆ ಹೊಟ್ಟೆಕಿಚ್ಚಿತ್ತು. ಇತ್ತು ಎಂದು ಬರೆದಿದ್ದೇನೆ, ಸದ್ಯಕ್ಕೆ ಹಾಗೇ ಇರಲಿ.

ಎಂಬತ್ತರ ದಶಕದ ನಡುಭಾಗದ ಮಾತು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಯಂತ್ರದ ಬಿಡಿಭಾಗಗಳನ್ನು ಮಾಡುವ ಒಂದು ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಿತು. ಕಂಪನಿಯ ಹೆಡ್ಡಾಫೀಸು ಬೊಂಬಾಯಿಯಲ್ಲಿ. ಹುಬ್ಬಳ್ಳಿ, ಮದ್ರಾಸು, ಕಲ್ಕತ್ತ, ದೆಹಲಿಗಳಲ್ಲಿ ಶಾಖೆಗಳು. ಒಬ್ಬರಿಗೊಬ್ಬರು ಸುದ್ದಿ ಕಳಿಸುತ್ತಿದ್ದದ್ದು ಟೆಲಿಪ್ರಿಂಟರಿನಲ್ಲಿ. ಇಲ್ಲಿ ಕೂತು ಟೈಪು ಮಾಡಿದರೆ ಅಲ್ಲಿ ಕಾಗದದ ಮೇಲೆ ಅಚ್ಚಾಗುತ್ತಿತ್ತು. ಎಲ್ಲ ಊರಿನ ಸಂದೇಶಗಳೂ ನಮ್ಮಲ್ಲಿಗೆ ಬಂದೇ ಮುಂದಿನ ಊರಿಗೆ ಹೋಗಬೇಕು. ಆ ಕೋಣೆಯಲ್ಲಿ ಹತ್ತು ವರ್ಷದಿಂದ ಕೂತಿದ್ದವರು ಇವರು. ಎಸ್ಸೆಸ್ಸೆಲ್ಸಿ ಪಾಸು, ಜೊತೆಗೆ ಟೈಪಿಂಗ್ ಸೀನಿಯರ್. ನಾನು ಬಿ.ಇ., ಅದೂ ರ‍್ಯಾಂಕು. ವಿಜಯನಗರದ ನಮ್ಮ ರಸ್ತೆಯಲ್ಲಿ ಆಗ ಇಂಜಿನಿಯರಿಂಗ್ ಓದಿದ ಹುಡುಗಿ ನಾನೊಬ್ಬಳೇ. ನಾನು ಹೋಗುವಾಗ ಗೇಟಿನ ಹತ್ತಿರ ನಿಂತವರು ತಿರುಗಿ ನೋಡುತ್ತಿದ್ದರು. ಕಾರ್ಖಾನೆಯಲ್ಲೂ ಹಾಗೇ ಎಲ್ಲರೂ ತಿರುಗಿ ನೋಡುತ್ತಾರೆಂದುಕೊಂಡು ಹೋದೆ. ಅಲ್ಲಿ ಎಲ್ಲರೂ ಅವರ ಕಡೆ ನೋಡುತ್ತಿದ್ದರು.

ಕ್ಯಾಂಟೀನಿನವನು ಕಾಫಿ ತಂದರೆ ಮೊದಲ ಲೋಟ ಅವರಿಗೆ. ಸೂಪರಿಂಟೆಂಡೆಂಟ್ ಸಾಹೇಬರಿಗೆ ಎರಡನೆಯದು. ಮುಡಿಯಲ್ಲಿ ಕನಕಾಂಬರ ಇಲ್ಲದ ದಿನ ನಾನು ಕಾಣೆ. ಕೀಲಿಗಳನ್ನು ನೋಡದೆ ಟೈಪು ಮಾಡುತ್ತ, ಪಕ್ಕದವರಿಗೆ ಹುರುಳಿಕಾಳಿನ ಬಸ್ಸಾರಿಗೆ ಎಷ್ಟು ಹುಣಸೆಹಣ್ಣು ಹಾಕಬೇಕೆಂದು ಹೇಳುತ್ತಿದ್ದರು. ಸಂದೇಶದಲ್ಲಿ ಒಂದಕ್ಷರ ತಪ್ಪುತ್ತಿರಲಿಲ್ಲ. ಟೆಲಿಪ್ರಿಂಟರು ಕಟಕಟ ಎಂದು ಬಡಿಯಲು ಶುರುವಾದರೆ, ಕಾಗದ ನೋಡುವ ಮೊದಲೇ, "ಹುಬ್ಬಳ್ಳಿ ಕಣ್ರೀ, ಆ ಹುಡುಗ ನಿಂತು ನಿಂತು ಹೊಡೀತಾನೆ" ಅನ್ನುತ್ತಿದ್ದರು. ಹೋಗಿ ನೋಡಿದರೆ ಹುಬ್ಬಳ್ಳಿಯೇ. ನಾನು ಎರಡು ತಿಂಗಳು ಕಿವಿಗೊಟ್ಟು ಕೂತೆ. ನನಗೆ ಮದ್ರಾಸೂ ಒಂದೇ, ದೆಹಲಿಯೂ ಒಂದೇ. ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಅವರ ಇನ್ನೊಂದು ಅಭ್ಯಾಸ ಹೇಳಬೇಕು. ಸಂದೇಶ ಕಳಿಸಲು ಯಾರೇ ಬರಲಿ, ಕಳಿಸಿ ಆದಮೇಲೆ ಅದರ ನಕಲು ಕೈಯಲ್ಲಿ ಹಿಡಿದು, ಅವರ ಮುಖ ನೋಡಿ, "ಚೀಲಕ್ಕೋ, ಫೈಲಿಗೋ?" ಎಂದು ಕೇಳುತ್ತಿದ್ದರು. ಕಂಪನಿಯ ನಿಯಮವೆಂದರೆ ದಿನನಿತ್ಯದ ಸಂದೇಶಗಳ ನಕಲು ನಲವತ್ತೈದು ದಿನ ಇರಬೇಕು, ಆಮೇಲೆ ಸುಟ್ಟು ಹಾಕಬೇಕು. ಆರ್ಡರು, ಒಪ್ಪಂದ ಇಂಥವು ವರ್ಷಗಟ್ಟಲೆ ಇರಬೇಕು. ಸುಡುವಂಥದ್ದು ಬಟ್ಟೆಯ ಚೀಲಕ್ಕೆ ಹೋಗುತ್ತಿತ್ತು, ಉಳಿಸುವಂಥದ್ದು ಫೈಲಿಗೆ. ಜನರಲ್ ಮ್ಯಾನೇಜರೇ ಬಂದರೂ ಉತ್ತರ ಹೇಳದೆ ಆ ಕೋಣೆಯಿಂದ ಹೊರಗೆ ಹೋಗುವಂತಿರಲಿಲ್ಲ. ನಾನು ಮೊದಲ ಸಲ ಒಂದು ಸಂದೇಶ ತೆಗೆದುಕೊಂಡು ಹೋದಾಗ, "ಆಮೇಲೆ ನೋಡೋಣ ಬಿಡಿ ಮೇಡಂ" ಎಂದೆ. "ಆಮೇಲೆ ಯಾರೂ ನೋಡಲ್ಲ ಇಂಜಿನಿಯರಮ್ಮ, ಈಗ್ಲೇ ಹೇಳ್ಬಿಡಿ" ಎಂದರು. ಇಂಜಿನಿಯರಮ್ಮ ಎಂಬ ಹೆಸರು ಅವತ್ತಿನಿಂದ ಬಂದದ್ದು. ಅದರಲ್ಲಿ ಗೇಲಿ ಎಷ್ಟಿತ್ತು, ಪ್ರೀತಿ ಎಷ್ಟಿತ್ತು ಎಂದು ನನಗೆ ಇವತ್ತಿಗೂ ತಿಳಿಯದು.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದೇ ಈ ಟೆಲಿಪ್ರಿಂಟರುಗಳ ನಡುವೆ ಒಂದು ಕಂಪ್ಯೂಟರ್ ಕೂರಿಸುವುದಕ್ಕೆ. ಊರೂರಿನ ಸಂದೇಶ ಬಂದು ಕಂಪ್ಯೂಟರಿನ ಡಿಸ್ಕಿನಲ್ಲಿ ಕೂರುತ್ತದೆ, ಯಾವ ಊರಿಗೆ ಹೋಗಬೇಕೋ ಅಲ್ಲಿಗೆ ಅದೇ ಕಳಿಸುತ್ತದೆ. ಏಸಿ ಹಾಕಿದ ಗಾಜಿನ ಕೋಣೆ, ಬಾಗಿಲ ಹೊರಗೆ ಚಪ್ಪಲಿ, ಒಳಗೆ ಬೀರುವಿನಷ್ಟು ಎತ್ತರದ ಯಂತ್ರ. ಒಂದೊಂದು ಸಂದೇಶವೂ ಒಂದೊಂದು ಸಾಲು: ನಂಬರು, ಎಲ್ಲಿಂದ, ಎಲ್ಲಿಗೆ, ಯಾವ ತಾರೀಖು, ಏನು ವಿಷಯ. ಅಂಥ ಸಾಲುಗಳೆಲ್ಲ ಸೇರುವ ಒಂದು ದೊಡ್ಡ ಕಡತವನ್ನು ನಾನೇ ಯೋಜಿಸಿದೆ. ಅದನ್ನು ವಿವರಿಸುತ್ತಿದ್ದಾಗ ಅವರು ಕೇಳಿದರು, "ಎಲ್ಲಾ ಒಂದೇ ಚೀಲಕ್ಕಾ?"

"ಕಂಪ್ಯೂಟರ್ ಅಂದ್ರೆ ಅದೇ ಮೇಡಂ. ಎಷ್ಟೇ ತುಂಬಿದ್ರೂ ಬೇಕಾದ್ದನ್ನ ಅದೇ ಹುಡುಕ್ಕೊಳ್ಳುತ್ತೆ."

"ಬೇಡದ್ದನ್ನ?"

"ಅದನ್ನೂ ಅದೇ ಹುಡುಕಿ ಅಳ್ಸುತ್ತೆ."

"ಹುಡುಕಿ ಅಳ್ಸೋದು" ಎಂದು ಅವರು ಅಕ್ಕಿಯಲ್ಲಿ ಕಲ್ಲು ಸಿಕ್ಕವರ ಹಾಗೆ ಮುಖ ಮಾಡಿದರು. ನಾನು ಒಳಗೊಳಗೇ ನಕ್ಕೆ. ಎಸ್ಸೆಸ್ಸೆಲ್ಸಿ ಅಂದುಕೊಂಡೆ.

ಆರು ತಿಂಗಳಿಗೆ ಡಿಸ್ಕು ತುಂಬಿತು. ನಲವತ್ತೈದು ದಿನ ದಾಟಿದ ಸಂದೇಶಗಳನ್ನು ಅಳಿಸಲು ನಾನು ಬರೆದಿಟ್ಟಿದ್ದ ಪ್ರೋಗ್ರಾಮನ್ನು ಮೊದಲ ಸಲ ಓಡಿಸುವ ಕಾಲ ಬಂತು. ಶನಿವಾರ ಅರ್ಧ ದಿನದ ಕೆಲಸ. ಬೆಳಗ್ಗೆ ಹತ್ತಕ್ಕೆ ಎಲ್ಲ ಊರಿನ ಲೈನುಗಳನ್ನೂ ನಿಲ್ಲಿಸಿ, "ಒಂದು ಗಂಟೇಲಿ ಮುಗಿಯುತ್ತೆ ಸಾರ್" ಎಂದು ಸೂಪರಿಂಟೆಂಡೆಂಟ್ ಸಾಹೇಬರಿಗೆ ಮಾತು ಕೊಟ್ಟೆ. ಯಂತ್ರ ಶುರು ಮಾಡಿತು. ಒಂದೊಂದೇ ಸಾಲು ನೋಡುವುದು, ಹಳೆಯದಾದರೆ ಅಳಿಸುವುದು, ಅಳಿಸಿದ್ದನ್ನು ಇನ್ನೊಂದು ಕಡೆ ಬರೆದುಕೊಳ್ಳುವುದು, ಸೂಚಿಪಟ್ಟಿ ತಿದ್ದುವುದು, ಮುಂದಿನ ಸಾಲಿಗೆ ಹೋಗುವುದು. ಹನ್ನೊಂದಾಯಿತು, ಹನ್ನೆರಡಾಯಿತು, ಐದರಲ್ಲಿ ಒಂದು ಪಾಲೂ ಮುಗಿದಿರಲಿಲ್ಲ. ದೆಹಲಿಯಿಂದ ಟ್ರಂಕ್ ಕಾಲ್ ಬಂತು. ಬೊಂಬಾಯಿಯಿಂದ ಬಂತು. ಸಾಹೇಬರು ನನ್ನ ಕುರ್ಚಿಯ ಹಿಂದೆ ಬಂದು ನಿಂತರು. ಉಸಿರು ಬಿಡುವುದು ಕೇಳುತ್ತಿತ್ತು. ನಾನು ಇಷ್ಟಾದದ್ದು ಸಾಕು, ಮಿಕ್ಕದ್ದು ಮುಂದಿನ ವಾರ ಎಂದುಕೊಂಡು ಪ್ರೋಗ್ರಾಮನ್ನು ನಡುವೆಯೇ ನಿಲ್ಲಿಸಿಬಿಟ್ಟೆ.

ಅದೇ ನಾನು ಮಾಡಿದ ತಪ್ಪು. ಅಳಿಸುವುದಿದ್ದರೆ ಎಲ್ಲವನ್ನೂ ಅಳಿಸು, ಇಲ್ಲವಾದರೆ ಏನನ್ನೂ ಅಳಿಸಬೇಡ ಎಂದು ಆ ಯಂತ್ರಕ್ಕೆ ಹೇಳಿಟ್ಟವಳು ನಾನೇ. ಅರ್ಧಕ್ಕೆ ನಿಲ್ಲಿಸಿದ್ದೇ ತಡ, ಅದು ಎರಡು ಗಂಟೆ ಅಳಿಸಿದ್ದನ್ನೆಲ್ಲ ಒಂದೊಂದಾಗಿ ವಾಪಸು ತಂದು ಜೋಡಿಸತೊಡಗಿತು. ಅಳಿಸುವುದಕ್ಕಿಂತ ಜೋಡಿಸುವುದು ನಿಧಾನ. ತಡೆಯುವ ಹಾಗಿಲ್ಲ, ತಡೆದರೆ ಕಡತವೇ ಹಾಳು. ಶನಿವಾರ ಎಲ್ಲರೂ ಮನೆಗೆ ಹೋದರು. ಸೋಮವಾರ ಬೆಳಗ್ಗೆ ಬಂದು ನೋಡಿದರೆ ಡಿಸ್ಕು ಮೊದಲು ಎಷ್ಟು ತುಂಬಿತ್ತೋ ಅಷ್ಟೇ ತುಂಬಿ ಕೂತಿತ್ತು. ಸಾಹೇಬರು, "ಎರಡು ದಿನ ಲೈನ್ ಕಟ್ ಮಾಡಿ ಏನೂ ಆಗ್ಲಿಲ್ಲ ಅಂದ್ರೆ, ಅದಕ್ಕೂ ತಲೆ ಬೇಕಮ್ಮ" ಎಂದರು. ಇಡೀ ಸೆಕ್ಷನ್ನಿಗೆ ಕೇಳಿಸುವ ಹಾಗೆ.

ಮಧ್ಯಾಹ್ನ ನಾನು ಊಟದ ಡಬ್ಬಿ ತೆರೆಯದೆ ಕೂತಿದ್ದೆ. ಅವರು ಬಂದು ಎದುರು ಕೂತು ತಮ್ಮ ಡಬ್ಬಿಯಿಂದ ಎರಡು ಚಪಾತಿ ನನ್ನ ಮುಚ್ಚಳದ ಮೇಲೆ ಹಾಕಿದರು. ಅದನ್ನೂ ಸಹಿಸಿಕೊಳ್ಳಬಹುದಿತ್ತು, ಆಮೇಲೆ ಬುದ್ಧಿ ಹೇಳಿದರು.

"ನಮ್ಮ ವಠಾರದಲ್ಲಿ ಎಂಟು ಮನೆಗೆ ಒಂದೇ ನಲ್ಲಿ ಇಂಜಿನಿಯರಮ್ಮ. ಡ್ರಮ್ ತುಂಬೋವರ್ಗೂ ನಲ್ಲಿ ಬಿಡಲ್ಲ ಅಂದ್ರೆ ಜಗಳ ಆಗುತ್ತೆ. ಅದಕ್ಕೆ ಒಬ್ರು ನಾಲ್ಕು ಬಿಂದಿಗೆ ಹಿಡಿದು ಪಕ್ಕಕ್ಕೆ ಸರ್ಕೋಬೇಕು. ಹಿಂದೆ ಒಂದು ಚೊಂಬು ಹಿಡ್ಕೊಂಡು ನಿಂತೋರು ತುಂಬಿಸ್ಕೊಂಡು ಹೋಗ್ತಾರೆ. ಆಮೇಲೆ ಮತ್ತೆ ನಾಲ್ಕು. ನಿಮ್ಮ ಯಂತ್ರಾನೂ ಹಾಗೆ ಸರ್ಕೊಳ್ಳೋ ಹಾಗೆ ಮಾಡಕ್ಕಾಗಲ್ವಾ? ಲೈನ್ ಯಾಕೆ ಕಟ್ ಮಾಡ್ಬೇಕು?"

"ನಡುವೆ ನಿಂತೋದ್ರೆ ಎಲ್ಲಾ ವಾಪಸ್ ಬರುತ್ತೆ ಮೇಡಂ."

"ಒಳಗೆ ತಗೊಂಡು ಹೋಗಿ ಇಟ್ಟ ನಾಲ್ಕು ಬಿಂದಿಗೆ ಯಾಕೆ ವಾಪಸ್ ಬರುತ್ತೆ? ನೀರು ನಿಂತೋದ್ರೂ ಅಷ್ಟು ನಮ್ದೇ ಅಲ್ವಾ?"

"ನಲ್ಲಿಗೂ ಕಂಪ್ಯೂಟರಿಗೂ ಏನು ಸಂಬಂಧ ಬಿಡಿ" ಎಂದು ಮೂಗು ಮುರಿದೆ. ಚಪಾತಿ ಮಾತ್ರ ತಿಂದೆ. ಅವರು ಎದ್ದು ಹೋದ ಕೂಡಲೇ ಪ್ರೋಗ್ರಾಮು ತೆಗೆದು ತಿದ್ದಲು ಕೂತೆ. ಇನ್ನೂರು ಸಾಲು ಅಳಿಸುವುದು, ಇಷ್ಟು ಮುಗಿಯಿತು ಎಂದು ಗುರುತು ಹಾಕಿಬಿಡುವುದು, ಎರಡು ಕ್ಷಣ ಸುಮ್ಮನಿರುವುದು, ಬಂದ ಸಂದೇಶಗಳು ಹೋದಮೇಲೆ ಮತ್ತೆ ಇನ್ನೂರು. ಮಾರನೆಯ ದಿನ ಯಾವ ಲೈನನ್ನೂ ನಿಲ್ಲಿಸದೆ ಓಡಿಸಿದೆ. ಯಾರಿಗೂ ಹೇಳಿರಲಿಲ್ಲ. ಅರ್ಧ ಗಂಟೆ ಆಗಿತ್ತೋ ಇಲ್ಲವೋ, ಟೆಲಿಪ್ರಿಂಟರ್ ಕೋಣೆಯಿಂದ ಅವರ ದನಿ ಬಂತು. "ಇಂಜಿನಿಯರಮ್ಮ, ಸರ್ಕೊಳ್ತಾ ಇದೆ ಅಲ್ವಾ? ಸದ್ದಲ್ಲೇ ಗೊತ್ತಾಗ್ತಾ ಇದೆ!" ಸೆಕ್ಷನ್ನಿನವರೆಲ್ಲ ನಕ್ಕರು. ಒಳ್ಳೆಯ ನಗುವೇ ಅದು. ನನಗೆ ಮಾತ್ರ ಯಾರೋ ನಡುರಸ್ತೆಯಲ್ಲಿ ನಿಲ್ಲಿಸಿದ ಹಾಗಾಯಿತು.

ಅದಕ್ಕೂ ಒಂದು ಮಿತಿ ಇತ್ತು. ಲೈನು ನಿಲ್ಲುತ್ತಿರಲಿಲ್ಲ ಎನ್ನುವುದು ನಿಜ, ಆದರೆ ಅಳಿಸುವ ಕೆಲಸ ಎಂದೂ ಮುಗಿಯುತ್ತಿರಲಿಲ್ಲ. ಹಳೆಯದನ್ನು ಅಳಿಸುವಷ್ಟರಲ್ಲಿ ಇನ್ನಷ್ಟು ಹಳೆಯದಾಗುತ್ತಿತ್ತು. ಕಸ ಗುಡಿಸುವುದೇ ನನ್ನ ಸಂಸಾರವಾಯಿತು. ಹೀಗಿರುವಾಗ ಒಂದು ದಿನ ಏನೋ ಹಳೆಯ ಸಂದೇಶದ ನಕಲು ಬೇಕಾಗಿ ಅವರ ಜೊತೆ ಮೆಟ್ಟಿಲ ಕೆಳಗಿನ ಗೂಡಿಗೆ ಹೋದೆ. ಆಡಿಟ್‌ನವರು ಕಂಪ್ಯೂಟರನ್ನು ನಂಬದೆ ಇದ್ದದ್ದರಿಂದ ಕಾಗದದ ನಕಲುಗಳು ಆಗಲೂ ಹಾಗೇ ನಡೆಯುತ್ತಿದ್ದವು. ಗೋಡೆಯ ಮೊಳೆಗಳಿಗೆ ಏಳು ಚೀಲ ತೂಗು ಹಾಕಿದ್ದರು. ಆಫೀಸಿನ ಹಳೆಯ ಕರ್ಟನ್ ಬಟ್ಟೆ ಹರಿದು ಅವರೇ ಹೊಲಿದದ್ದು, ಹಸಿರು ಬಣ್ಣದ್ದು. ವಾರಕ್ಕೊಂದು ಚೀಲ. ಪ್ರತಿ ಚೀಲದ ಕುತ್ತಿಗೆಗೂ ರಟ್ಟಿನ ಚೀಟಿ, ಅದರ ಮೇಲೆ ದುಂಡಗಿನ ಅಕ್ಷರದಲ್ಲಿ "ಸುಡುವುದು" ಎಂದು ಬರೆದು ಒಂದು ತಾರೀಖು. ಆ ವಾರದ, ಇನ್ನೂ ಅರ್ಧ ತುಂಬದ ಚೀಲದ ಮೇಲೂ ತಾರೀಖಿತ್ತು.

"ಇದಕ್ಕೆ ಈಗ್ಲೇ ಯಾಕೆ ತಾರೀಖು?" ಎಂದೆ.

"ಚೀಲ ನೇತು ಹಾಕೋ ದಿನಾನೇ ಬರ್ದುಬಿಡ್ತೀನಿ. ವಾರ ಮುಗಿದ ಮೇಲೆ ನಲವತ್ತೈದು ದಿನ ಲೆಕ್ಕ ಹಾಕಿ. ಆ ದಿನ ಬಂದ್ರೆ ಇಡೀ ಚೀಲ ತಗೊಂಡು ಹೋಗಿ ಕ್ಯಾಂಟೀನ್ ಬಾಯ್ಲರಿಗೆ ಸುರಿದುಬಿಡೋದು. ಬಿಚ್ಚಿ ನೋಡಲ್ಲ."

"ಅದ್ರಲ್ಲಿ ಬೇಕಾಗಿದ್ದು ಇದ್ರೆ?"

"ಬೇಕಾಗಿದ್ದು ಅವತ್ತೇ ಫೈಲಿಗೆ ಹೋಗಿರುತ್ತಲ್ಲ. ಅದಕ್ಕೇ ಅಲ್ವಾ ನಾನು ಎಲ್ರನ್ನೂ ಕೇಳಿ ತಲೆ ತಿನ್ನೋದು? ಹಾಕೋವಾಗ ಒಂದ್ಸಲ ಯೋಚ್ನೆ ಮಾಡಿದ್ರೆ ತೆಗೆಯೋವಾಗ ಯೋಚ್ನೆ ಮಾಡ್ಬೇಕಾಗಿಲ್ಲ. ಬಿಚ್ಚಿ ನೋಡಕ್ಕೆ ಹೋದ್ರೆ ಒಂದೊಂದೂ ಓದ್ಕೊಂಡು ಕೂರ್ತೀವಿ, ಸಂಜೆ ಆಗುತ್ತೆ."

ನಾನು ಏಳು ಹಸಿರು ಚೀಲಗಳ ಮುಂದೆ ನಿಂತೇ ಇದ್ದೆ. ನಾಲ್ಕು ವರ್ಷ ಹಾಸ್ಟೆಲಿನಲ್ಲಿ ಕೂತು ಓದಿದ್ದು, ಅಪ್ಪ ತಮ್ಮ ಸ್ಕೂಟರ್ ಆಸೆ ಬಿಟ್ಟು ಕೊಡಿಸಿದ ದಪ್ಪ ದಪ್ಪ ಪುಸ್ತಕಗಳು, ಕಾನ್ವೊಕೇಷನ್ನಿನ ಫೋಟೋ ಎಲ್ಲ ನೆನಪಾದವು. ಇಷ್ಟು ಸುಲಭದ್ದು ನನಗೆ ಹೊಳೆದಿರಲಿಲ್ಲ. ಕಡತದ ಯೋಜನೆ ವಿವರಿಸಿದ ದಿನವೇ, ಎಲ್ಲಾ ಒಂದೇ ಚೀಲಕ್ಕಾ ಎಂದು ಕೇಳಿದ್ದರು. ಆಗ ನಕ್ಕಿದ್ದೆ.

ಒಂದು ತಿಂಗಳಲ್ಲಿ ಎಲ್ಲವನ್ನೂ ಬದಲಾಯಿಸಿದೆ. ಒಂದೇ ದೊಡ್ಡ ಕಡತದ ಬದಲು ವಾರಕ್ಕೊಂದು ಚಿಕ್ಕ ಕಡತ. ಕಳಿಸುವಾಗಲೇ ಗುರುತು ಕೇಳಿ, ಉಳಿಸಬೇಕಾದ ಸಂದೇಶ ಅವತ್ತೇ ಬೇರೆ ಕಡತಕ್ಕೆ. ದಿನ ತುಂಬಿದ ವಾರವನ್ನು ಒಳಗೆ ಏನಿದೆಯೆಂದು ನೋಡದೆ ಇಡಿಯಾಗಿ ಎತ್ತಿ ಹಾಕುವುದು. ಸಾಲು ಹುಡುಕುವುದಿಲ್ಲ, ಸೂಚಿಪಟ್ಟಿ ತಿದ್ದುವುದಿಲ್ಲ. ಮೊದಲು ಎರಡು ದಿನ ಹಿಡಿಯುತ್ತಿದ್ದದ್ದು ಕ್ಯಾಂಟೀನಿನವನು ಕಾಫಿ ಲೋಟ ಮೇಜಿನ ಮೇಲೆ ಇಟ್ಟು ತಿರುಗುವಷ್ಟರಲ್ಲಿ ಮುಗಿಯತೊಡಗಿತು. ಸಾಹೇಬರು ಗಡಿಯಾರ ನೋಡಿಕೊಂಡು, "ಆಯ್ತಾ? ಅಷ್ಟೇನಾ?" ಎಂದು ಮೂರು ಸಲ ಕೇಳಿದರು.

ಆ ಹೊತ್ತಿಗೇ ಒಂದು ಹುದ್ದೆಯ ಮಾತು ಬಂದಿತ್ತು. ನಮ್ಮ ಸೆಕ್ಷನ್ನಿಗೆ ಒಬ್ಬ ಅಸಿಸ್ಟೆಂಟ್ ಪ್ರೋಗ್ರಾಮರನ್ನು ಕಂಪನಿಯ ಒಳಗಿನವರಿಂದಲೇ ತೆಗೆದುಕೊಳ್ಳುತ್ತಾರೆ. ಡಿಗ್ರಿ ಇರಬೇಕು, ಇಲ್ಲದಿದ್ದರೆ ಕಂಪ್ಯೂಟರಿನ ಕೆಲಸದಲ್ಲಿ ವಿಶೇಷವಾದದ್ದೇನಾದರೂ ಮಾಡಿರಬೇಕು. ಇವರು ಅರ್ಜಿ ಹಾಕಿದ್ದರು. ನನ್ನ ಹತ್ತಿರ ಬಂದು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದರು. "ಟೆಲಿಪ್ರಿಂಟರ್ ಇನ್ನೆಷ್ಟು ದಿನ ಇರುತ್ತೆ ಹೇಳಿ. ಅದು ಹೋದ ದಿನ ನನ್ನನ್ನ ಸ್ಟೋರ್ಸಿಗೆ ಹಾಕ್ತಾರೆ. ಅಲ್ಲಿ ನಟ್ಟು ಬೋಲ್ಟು ಎಣಿಸ್ಕೊಂಡು ಕೂರ್ಬೇಕು. ಈ ಕೆಲ್ಸ ನನಗಿಷ್ಟ ಕಣ್ರೀ. ಚೀಲದ ವಿಷಯ ಸಾಹೇಬರಿಗೆ ನೀವು ಒಂದು ಮಾತು ಹೇಳಿದ್ರೆ ಸಾಕು." ಅವರು ಯಾರ ಹತ್ತಿರವಾದರೂ ಏನನ್ನಾದರೂ ಕೇಳಿದ್ದು ನಾನು ನೋಡಿದ್ದು ಅದೊಂದೇ ಸಲ. ಹೇಳ್ತೀನಿ ಮೇಡಂ, ಖಂಡಿತ ಹೇಳ್ತೀನಿ ಎಂದೆ.

ಹೇಳುವ ಸಂದರ್ಭವೂ ಬಂತು. "ಇದನ್ನ ಬೊಂಬಾಯಿಗೆ ಒಂದು ನೋಟ್ ಮಾಡಿ ಕಳ್ಸಿ. ಐಡಿಯಾ ಯಾರ್ದು, ಹೇಗೆ ಮಾಡಿದ್ರಿ, ಎಲ್ಲಾ ಇರ್ಲಿ. ನಾಳೆ ಆ ಹುದ್ದೆಗೆ ಕಮಿಟಿ ಕೂರುತ್ತೆ" ಎಂದರು ಸಾಹೇಬರು. ಐಡಿಯಾ ಯಾರದು ಎಂಬ ಮಾತು ಅವರ ಬಾಯಿಂದಲೇ ಬಂದಿತ್ತು. ನಾನು ಬರೆಯಲು ಕೂತೆ. ಅವರ ಹೆಸರು ಬರೆದೆ. ಬರೆದು ನೋಡಿದೆ. ಅವರು ನನ್ನ ಎದುರಿನ ಕುರ್ಚಿಗೆ ಬಂದು ಕೂತರೆ ಎಂದು ಯೋಚಿಸಿದೆ. ಕನಕಾಂಬರ ಮುಡಿದು, ಮೊದಲ ಕಾಫಿ ಕುಡಿಯುತ್ತ, ನಾನು ಎರಡು ದಿನ ಒದ್ದಾಡುವುದನ್ನು ನಲ್ಲಿಯ ಕತೆ ಹೇಳಿ ಬಿಡಿಸುತ್ತ ಕೂರುತ್ತಾರೆ. ಆಮೇಲೆ ನಾನು ಯಾಕೆ ಬೇಕು ಅಲ್ಲಿ? ಆ ಹಾಳೆ ಹರಿದು ಹಾಕಿ ಇನ್ನೊಂದರಲ್ಲಿ, ಈ ವಿಧಾನವನ್ನು ನಾನು ರೂಪಿಸಿದೆ ಎಂದು ಬರೆದು ಸಹಿ ಮಾಡಿದೆ. ಕೋಪದಲ್ಲಿ ಮಾಡಿದ್ದಲ್ಲ, ಮರೆವಿನಲ್ಲಿ ಮಾಡಿದ್ದೂ ಅಲ್ಲ. ಹೊಟ್ಟೆ ಉರಿಯಲ್ಲಿ ಮಾಡಿದೆ, ಕಾರ್ಬನ್ ಇಟ್ಟು ನನಗೊಂದು ಪ್ರತಿಯನ್ನೂ ಇಟ್ಟುಕೊಂಡೆ.

ನೋಟು ಬೊಂಬಾಯಿಗೆ ಹೋಗುವುದು ಯಾವ ದಾರಿಯಲ್ಲಿ ಎಂಬುದು ನನಗೆ ಅದುವರೆಗೂ ಹೊಳೆದಿರಲಿಲ್ಲ. ಅಂಚೆಯಲ್ಲಿ ಹೋಗುತ್ತದೆಂದುಕೊಂಡಿದ್ದೆ. ಸಾಹೇಬರು ಅದನ್ನು ನೋಡಿ ಸಹಿ ಹಾಕಿ, "ಅಂಚೆಗೆ ಟೈಮಿಲ್ಲ, ಈಗ್ಲೇ ಟೆಲಿಪ್ರಿಂಟರಲ್ಲಿ ಕಳ್ಸಿ" ಎಂದು ನನ್ನ ಕೈಗೇ ಕೊಟ್ಟರು.

ಆ ಕೋಣೆಗೆ ಇಪ್ಪತ್ತು ಹೆಜ್ಜೆ. ನೋಟನ್ನು ಅವರ ಮುಂದಿಟ್ಟೆ. ಅವರು ಎಂದಿನಂತೆ ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಟೈಪು ಮಾಡತೊಡಗಿದರು. ಪಕ್ಕದವರು ಏನೋ ಕೇಳುತ್ತಿದ್ದರು, ಉತ್ತರ ಕೊಡುತ್ತ ಟೈಪು ಮಾಡುತ್ತಿದ್ದರು. ಎರಡನೆಯ ಪ್ಯಾರಾಕ್ಕೆ ಬಂದಾಗ ಯಂತ್ರ ನಿಂತಿತು. ಹತ್ತು ವರ್ಷದಲ್ಲಿ ಅದು ನಡುವೆ ನಿಂತದ್ದನ್ನು ಆ ಕೋಣೆಯಲ್ಲಿ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ, ಎಲ್ಲರೂ ತಲೆ ಎತ್ತಿದರು. ನಾನು ಕಿಟಕಿಯ ಕಡೆ ನೋಡಿದೆ. ಆಮೇಲೆ ಮತ್ತೆ ಕಟಕಟ ಶುರುವಾಯಿತು. ನಾನು ರೂಪಿಸಿದೆ ಎನ್ನುವ ಸಾಲನ್ನು ಅಕ್ಷರ ಅಕ್ಷರವಾಗಿ ಅವರೇ ಹೊಡೆದರು, ನನ್ನ ಹೆಸರನ್ನೂ ಹೊಡೆದರು, ತಪ್ಪಿಲ್ಲದೆ. ನಕಲನ್ನು ಹರಿದು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದರು.

"ಚೀಲಕ್ಕೋ, ಫೈಲಿಗೋ?"

ನಾನು ಏನು ಹೇಳಬೇಕಿತ್ತು? ಫೈಲಿಗೆ ಎಂದರೆ ವರ್ಷಗಟ್ಟಲೆ ಅಲ್ಲೇ ಇರುತ್ತದೆ. "ಚೀಲಕ್ಕೆ" ಎಂದೆ. ದನಿ ಬರಲಿಲ್ಲ, ಮತ್ತೆ ಹೇಳಬೇಕಾಯಿತು. ಆಯ್ತು ಎಂದು ಚೀಲಕ್ಕೆ ಹಾಕಿದರು.

ಹುದ್ದೆ ಅಕೌಂಟ್ಸಿನ ಒಬ್ಬ ಬಿ.ಕಾಂ. ಹುಡುಗನಿಗೆ ಹೋಯಿತು. ನಿಮ್ಮ ಅರ್ಜಿ ಪರಿಗಣಿಸಲಾಗಿಲ್ಲ ಎಂಬ ಉತ್ತರ ಬೊಂಬಾಯಿಯಿಂದ ಟೆಲಿಪ್ರಿಂಟರಿನಲ್ಲೇ ಬಂತು, ಅವರ ಕಣ್ಣೆದುರೇ ಅಚ್ಚಾಯಿತು. ಅದನ್ನೂ ಚೀಲಕ್ಕೆ ಹಾಕಿ, ಹುಬ್ಬಳ್ಳಿಯ ಸಂದೇಶ ತೆಗೆದುಕೊಂಡರಂತೆ. ನನಗೆ ಬಡ್ತಿ ಬಂತು. ಸೆಕ್ಷನ್ನಿನವರಿಗೆ ಮೈಸೂರುಪಾಕು ಹಂಚಿದೆ. ಅವರು ಒಂದು ತುಂಡು ತೆಗೆದುಕೊಂಡು, "ತುಪ್ಪ ಚೆನ್ನಾಗಿ ಹಾಕಿದಾರೆ" ಎಂದರು. ಕೊಂಕಿಲ್ಲದೆ ಹೇಳಿದರು, ಅದೇ ನನಗೆ ತಡೆಯಲಾಗಲಿಲ್ಲ.

ಅವರು ಬೈಯಲಿ ಎಂದು ಕಾದೆ. ಸಾಹೇಬರ ಹತ್ತಿರ ಹೋಗಿ ಹೇಳಲಿ ಎಂದು ಕಾದೆ. ಮಾತು ಬಿಡಲಿ ಎಂದಾದರೂ ಕಾದೆ. ಒಂದಷ್ಟು ದಿನ ಅವರು ಎಂದಿಗಿಂತ ಕಡಿಮೆ ಮಾತಾಡುತ್ತಿದ್ದರು, ಕನಕಾಂಬರ ಇರಲಿಲ್ಲ. ಹೂವಿಲ್ಲದ ದಿನ ಕಾಣೆ ಎಂದು ಮೇಲೆ ಬರೆದದ್ದು ಸುಳ್ಳು, ಆ ದಿನಗಳನ್ನು ನಾನು ಕಂಡಿದ್ದೇನೆ. ನಾನು ಕ್ಯಾಲೆಂಡರಿನಲ್ಲಿ ದಿನ ಎಣಿಸುತ್ತಿದ್ದೆ. ಆ ವಾರದ ಚೀಲದ ತಾರೀಖು ಬಂದ ಬೆಳಗ್ಗೆ ಕಂಪ್ಯೂಟರಿನಲ್ಲಿ ಆ ವಾರದ ಕಡತವನ್ನು ನಾನೇ ಎತ್ತಿ ಹಾಕಿದೆ. ಆಮೇಲೆ ಕಿಟಕಿಯಿಂದ ನೋಡಿದೆ. ಅವರು ಹಸಿರು ಚೀಲ ಹಿಡಿದುಕೊಂಡು ಅಂಗಳ ದಾಟಿ ಕ್ಯಾಂಟೀನಿನ ಹಿಂದಕ್ಕೆ ಹೋದರು. ಬಾಯ್ಲರಿನವನು ಬಾಗಿಲು ತೆಗೆದ. ಚೀಲ ಬಗ್ಗಿಸಿ ಸುರಿದರು, ತಳ ಹಿಡಿದು ಎರಡು ಸಲ ಕೊಡವಿದರು. ಒಂದು ಕಾಗದವನ್ನೂ ತೆಗೆದು ನೋಡಲಿಲ್ಲ. ಮಾರನೆಯ ದಿನ ಕನಕಾಂಬರ ಮುಡಿದು ಬಂದರು. "ಏನ್ ಇಂಜಿನಿಯರಮ್ಮ, ಇವತ್ತು ಡಬ್ಬೀಲಿ ಏನು?" ಎಂದು ನನ್ನ ಎದುರು ಕೂತರು.

ದಶಕದ ಕೊನೆಗೆ ಫ್ಯಾಕ್ಸ್ ಬಂತು, ಟೆಲಿಪ್ರಿಂಟರ್ ಕೋಣೆಗೆ ಬೀಗ ಬಿತ್ತು. ಅವರು ಹೆದರಿದ್ದ ಹಾಗೆಯೇ ಅವರನ್ನು ಸ್ಟೋರ್ಸಿಗೆ ಹಾಕಿದರು. ಆರು ತಿಂಗಳು ನಟ್ಟು ಬೋಲ್ಟು ಎಣಿಸಿ, ಸಾಕಪ್ಪ ಎಂದು ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಕೊನೆಯ ದಿನ ಆ ಹಸಿರು ಚೀಲಗಳನ್ನೆಲ್ಲ ಒಗೆದು ಇಸ್ತ್ರಿ ಮಾಡಿಸಿ ತಂದು, ತರಕಾರಿಗಾಗುತ್ತೆ ಇಟ್ಕೊಳ್ಳಿ ಎಂದು ನಮಗೆಲ್ಲ ಒಂದೊಂದು ಕೊಟ್ಟರು. ನನ್ನದರ ಕುತ್ತಿಗೆಗೆ ಹೊಸ ರಟ್ಟಿನ ಚೀಟಿ ಇತ್ತು, ಅದರಲ್ಲಿ ಏನೂ ಬರೆದಿರಲಿಲ್ಲ. ಬೇರೆಯವರ ಚೀಲದಲ್ಲಿ ಚೀಟಿ ಇತ್ತೋ ಇಲ್ಲವೋ ನಾನು ನೋಡಲಿಲ್ಲ.

ಸಂಜೆ ಭಾಷ್ಯಂ ಸರ್ಕಲ್ಲಿನ ಬಸ್‌ಸ್ಟಾಪಿನವರೆಗೆ ಅವರ ಜೊತೆ ನಡೆದೆ. ಅಷ್ಟು ಹೊತ್ತಿಗೆ ಅವರು ವಠಾರ ಬಿಟ್ಟು ಬಸವೇಶ್ವರನಗರಕ್ಕೆ ಮನೆ ಬದಲಾಯಿಸಿದ್ದರು. ದಾರಿಯುದ್ದಕ್ಕೂ ಹೊಸ ಮನೆಯ ನಲ್ಲಿಯ ವಿಷಯ ಹೇಳಿದರು, ತಮ್ಮದೇ ಸ್ವಂತ ನಲ್ಲಿ, ಕ್ಯೂ ಇಲ್ಲ, ಬೇಜಾರಾಗುತ್ತೆ ಎಂದರು. ಬಸ್ಸು ಬರುವುದು ಕಾಣಿಸಿದಾಗ ನಾನು ಬಾಯಿಬಿಟ್ಟೆ.

"ಮೇಡಂ, ಆ ನೋಟಲ್ಲಿ ನಿಮ್ಮ ಹೆಸರು ನಾನು ಬೇಕಂತಾನೇ ಬಿಟ್ಟಿದ್ದು. ಮೊದಲು ಬರೆದಿದ್ದೆ. ಹರಿದು ಹಾಕ್ದೆ."

ಅವರು ಕೈಯಲ್ಲಿದ್ದ ಹಾರ, ತೆಂಗಿನಕಾಯಿಗಳ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು.

"ಚೀಲಕ್ಕೆ ಅಂದಿದ್ರಲ್ಲ ನೀವೇ" ಎಂದರು. "ದಿನ ತುಂಬಿದ ಮೇಲೆ ಬಾಯ್ಲರಿಗೆ ಹೋಯ್ತು. ಈಗ ಎಲ್ಲಿಂದ ತೆಗೀಲಿ ಇಂಜಿನಿಯರಮ್ಮ?"

ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತು ಕೈಬೀಸಿದರು. ಮುಖದಲ್ಲಿ ಸಿಟ್ಟು ಏನೂ ಉಳಿದಿರಲಿಲ್ಲ. ನಾನು ಹುಡುಕಿದೆ, ಚೂರಾದರೂ ಇರಲಿ ಎಂದು ಹುಡುಕಿದೆ. ಅವರ ಕೆಲಸ ಕಸಿದುಕೊಂಡವಳು ನಾನು, ನೆಮ್ಮದಿಯಾಗಿ ಮನೆಗೆ ಹೋದವರು ಅವರು. ಅವರ ಬೆರಳು, ಕಿವಿ, ಬುದ್ಧಿ, ಕಾಫಿ ಎಲ್ಲದರ ಮೇಲೂ ಹೊಟ್ಟೆಕಿಚ್ಚು ಪಟ್ಟಿದ್ದೆ. ಅವತ್ತು ಬಸ್‌ಸ್ಟಾಪಿನಲ್ಲಿ ಪಟ್ಟಷ್ಟು ಎಂದೂ ಪಟ್ಟಿರಲಿಲ್ಲ.

ಆ ಕಾರ್ಬನ್ ಪ್ರತಿ ನನ್ನ ಹತ್ತಿರ ಇನ್ನೂ ಇದೆ, ಅವರು ಕೊಟ್ಟ ಚೀಲದಲ್ಲೇ ಇದೆ. ಚೀಟಿಯಲ್ಲಿ ತಾರೀಖು ಬರೆಯಲು ಎಷ್ಟೋ ಸಲ ಕೂತಿದ್ದೇನೆ. ಕೂತಾಗಲೆಲ್ಲ ಬಿಚ್ಚಿ ಓದುತ್ತೇನೆ, ಸಂಜೆಯಾಗುತ್ತದೆ.

ಬರೆದದ್ದನ್ನು ಈಗ ಮೊದಲಿನಿಂದ ಓದಿ ನೋಡಿದೆ. ಚೀಲದ ಉಪಾಯ ಯಾರದೆಂದು ಕೊನೆಗೂ ಹೇಳಿದ್ದೇನೆ, ಬಿಂದಿಗೆಯದೂ ಹೇಳಿದ್ದೇನೆ. ಆದರೆ ಇಷ್ಟುದ್ದ ಬರೆದರೂ ಅವರ ಹೆಸರು ಎಲ್ಲೂ ಇಲ್ಲ. ಮಗಳು ನನ್ನನ್ನು ಮುಖ್ಯವಾಗಿ ಕೇಳಿದ್ದು ಅದನ್ನೇ. ಮರೆತೆ ಎನ್ನೋಣವೆಂದರೆ, ಮರೆಯುವುದು ಬಂದಿದ್ದರೆ ನಾನು ಇದನ್ನೆಲ್ಲ ಬರೆಯುತ್ತಲೇ ಇರಲಿಲ್ಲ. ಹಾಳೆಯ ಮೇಲ್ಗಡೆ ದಪ್ಪಕ್ಷರಕ್ಕೆಂದು ಜಾಗ ಬಿಟ್ಟಿದ್ದೇನೆ. ಪೆನ್ನು ಕೈಯಲ್ಲೇ ಇದೆ. ನಾಳೆ ಹನ್ನೆರಡನೇ ದಿನ.